ಕೊಳದಪ್ಪಲೆಯ ಒಳಗಿಂದ ಕೇಳಿದ ಕೊಡತಿಗಳು

ತೆರಕಣಾಂಬಿಯ ಅಡುಗೆಮನೆಗಳಲ್ಲಿ ಸ್ಟೀಲ್ ಇನ್ನೂ ಕಾಲಿಡದ ವರ್ಷಗಳವು. ಅನ್ನಕ್ಕೆ ಹಿತ್ತಾಳೆ, ಸ್ನಾನದ ನೀರಿಗೆ ತಾಮ್ರ, ಹುಳಿಗೆ ಕಲಾಯಿ ಹಾಕಿಸಿದ ಪಾತ್ರೆ. ಪಾತ್ರೆ ಕೈಜಾರಿದರೆ ನೆಗ್ಗುತ್ತಿತ್ತು. ನೆಗ್ಗಿದರೆ ನಮ್ಮ ಮನೆಗೆ ಬರುತ್ತಿತ್ತು. ಬಸ್ಸು ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯೇ ಅಪ್ಪನ ಕೆಲಸದ ಜಾಗ. ತಾತ ಕೂರುತ್ತಿದ್ದ ಮಣೆಯ ಮೇಲೆ ತಾತನ ನಂತರ ಅಪ್ಪ ಕೂತಿದ್ದ.

ಮನೆ ನಡೆಯುತ್ತಿದ್ದುದು ಅಜ್ಜಿಯ ಕ್ರಮದಲ್ಲಿ. ಅಜ್ಜಿ ಕಸ ಗುಡಿಸಿ ನೀರು ಚಿಮುಕಿಸುವ ತನಕ ಅಪ್ಪ ಮಣೆಗೆ ಕೂರುವಂತಿಲ್ಲ. ಅಪ್ಪ ಮಣೆಗೆ ಕೂತು ಮೊದಲ ಪೆಟ್ಟು ಹಾಕುವ ತನಕ ನಮಗೆ ಕಾಫಿ ಇಲ್ಲ. ಎತ್ತಿದ ಸಾಮಾನು ಎತ್ತಿದ ಗೂಟಕ್ಕೇ ಹೋಗಬೇಕು. ನಾನು ಆ ಕ್ರಮದಲ್ಲಿ ಬೆಳೆದವಳು. ಇಂದಿಗೂ ನನ್ನ ಅಡುಗೆಮನೆಯಲ್ಲಿ ಸೌಟು ಜಾಗ ಬದಲಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ಪಡಸಾಲೆಯ ಗೋಡೆಗೆ ಸಾಲಾಗಿ ಮರದ ಗೂಟಗಳಿದ್ದವು. ಒಂದೊಂದು ಗೂಟಕ್ಕೆ ನೆಗ್ಗು ತಟ್ಟುವ ಒಂದೊಂದು ಕೊಡತಿ. ಬಾಗಿಲಿನ ಪಕ್ಕದಲ್ಲಿ ಹುಣಸೆಮರದ ದೊಡ್ಡ ಕೊಡತಿ, ಎತ್ತಿದರೆ ಹೆಗಲು ಜಗ್ಗುವಂಥದ್ದು. ಅದರ ಪಕ್ಕ, ಅದರ ತಮ್ಮನ ಹಾಗೆ, ಸಣ್ಣದೊಂದು. ಆಮೇಲೆ ಎಮ್ಮೆ ಕೊಂಬಿನದು, ಕಪ್ಪಗೆ, ನುಣ್ಣಗೆ. ಆಮೇಲೆ ತಲೆಗೆ ಚರ್ಮ ಸುತ್ತಿದ್ದು. ಕೊನೆಯ ಗೂಟದಲ್ಲಿ ಮೈಸೂರಿನಿಂದ ಅಪ್ಪ ಆಸೆಪಟ್ಟು ತಂದ ರಬ್ಬರಿನದು. ಅದನ್ನು ಕೊಡತಿ ಎಂದು ಅಜ್ಜಿ ಒಪ್ಪಿರಲಿಲ್ಲ. "ಆ ಚಪ್ಪಲೀನ ಅತ್ಲಾಗ್ ಮಡಗು" ಎನ್ನುತ್ತಿದ್ದಳು.

ನನಗೆ ಆಗ ಮಗ್ಗಿ ಬಾಯಿಪಾಠ ಮಾಡುವ ವಯಸ್ಸು. ಪ್ರತಿಯೊಂದು ಪ್ರಶ್ನೆಗೂ ಒಂದೇ ಉತ್ತರ ಇರಬೇಕು ಎಂಬುದು ನನ್ನ ಹಟ. ಹಿತ್ತಾಳೆಗೆ ಯಾವುದು, ತಾಮ್ರಕ್ಕೆ ಯಾವುದು, ತಳಕ್ಕೆ, ಹೊಟ್ಟೆಗೆ, ಬಾಯಿಗೆ ಯಾವುದು ಎಂದು ಕಲಿತುಬಿಟ್ಟರೆ ಅಪ್ಪ ಕೇಳುವ ಮೊದಲೇ ಎತ್ತಿಕೊಡಬಹುದಲ್ಲ ಎಂದು ನನ್ನ ಲೆಕ್ಕ. ಆ ಲೆಕ್ಕ ಒಂದು ದಿನವೂ ಕೂಡಿಬರಲಿಲ್ಲ.

"ಅಪ್ಪ, ತಾಮ್ರ ಅಂದ್ರೆ ಕೊಂಬಿಂದು ತಾನೆ?"

"ಅದು ನೆನ್ನೆ ಕಣವ್ವ. ಇವತ್ತು ಸಣ್ಣ ಹುಣಸೇದು ಕೊಡು."

"ಇದೂ ತಾಮ್ರಾನೇ ಅಲ್ವಾ?"

"ಇದು ಬೆಂಕಿ ಕಂಡ್ ಬಂದದೆ. ಕಾಯ್ಸುದ್ ತಾಮ್ರ ಮೆತ್ತಗಾಗ್ಬುಡ್ತದೆ."

"ಮೆತ್ತಗಾದ್ರೆ ಮೆತ್ತಗಿರೋದೇ ತಗೋಬೇಕಲ್ವಾ? ಚರ್ಮದ್ದು?"

"ಚರ್ಮದ್ದು ಕಡೇಗೆ, ಹೊಳಪು ಬಂದ್ಮೇಲೆ. ಈಗ ಸಣ್ಣ ಹುಣಸೇದು."

ಮಾರನೆಯ ದಿನ ಬೆಂಕಿ ಕಂಡ ತಾಮ್ರವೇ ಬಂತು. ನಾನು ಹೆಮ್ಮೆಯಿಂದ ಸಣ್ಣ ಹುಣಸೆಯದನ್ನು ಎತ್ತಿಕೊಟ್ಟರೆ ಅಪ್ಪ ಅದನ್ನು ಪಕ್ಕಕ್ಕಿಟ್ಟು ಕೊಂಬಿನದಕ್ಕೆ ಕೈ ಚಾಚಿದ. ಕಾರಣ ಕೇಳಿದರೆ, "ಇದ್ರ ಹೊಟ್ಟೆ ತೆಳು" ಎಂದ. ಅದಕ್ಕೂ ಮಾರನೆಯ ದಿನ ತೆಳು ಹೊಟ್ಟೆಯ ಪಾತ್ರೆಗೆ ದೊಡ್ಡ ಹುಣಸೆಯದು. ನನಗೆ ಅಳು ಬಂತು. ಅಪ್ಪ ನಕ್ಕು ಪಾತ್ರೆಯ ಬಾಯಿಗೆ ಕಿವಿ ಇಟ್ಟು, ಹೊರಗಿನಿಂದ ಗೆಣ್ಣಿನಲ್ಲಿ ಮೆಲ್ಲಗೆ ತಟ್ಟಿದ. "ಬಾಯಲ್ಲಿ ಕೇಳ್ಬ್ಯಾಡ ಕಣಮ್ಮಿ, ಕಿವೀಲಿ ಕೇಳು. ಇಲ್ನೋಡು, ಇಲ್ಲಿ ಇದಕ್ಕೆ ಗಂಟ್ಲು ಕಟ್ಟದೆ. ಅದೇ ಹೇಳ್ತದೆ ಯಾವ್ ಕೊಡತಿ ಅಂತ."

ನಾನೂ ಕಿವಿ ಇಟ್ಟೆ. ನನಗೆ ಅದು ಏನೂ ಹೇಳಲಿಲ್ಲ.

ಆ ವರ್ಷ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಯುಗಾದಿಗಿಂತ ಅದೇ ದೊಡ್ಡ ಹಬ್ಬ. ಹಿಂದಿನ ದಿನವೇ ಕೊಡತಿ, ಸುತ್ತಿಗೆ, ಕತ್ತರಿ, ಇಕ್ಕಳ ಎಲ್ಲವನ್ನೂ ತೊಳೆದು, ಎಣ್ಣೆ ಒರೆಸಿ, ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ, ಗೂಟದ ಸಾಲಿನ ಕ್ರಮದಲ್ಲೇ ಜೋಡಿಸುವುದು. ಬೆಳಿಗ್ಗೆ ವಿಭೂತಿ, ಕುಂಕುಮ, ಚೆಂಡುಹೂವು. ಮಂಗಳಾರತಿ ಆದಮೇಲೆ ಅಜ್ಜಿ ಕೈಮುಗಿದು, "ಇನ್ನ ಮಲ್ಕಳಿ ನನ್ನಪ್ಪಗಳಾ, ವರ್ಷೆಲ್ಲ ದುಡ್ದಿದೀರಿ" ಎನ್ನುತ್ತಿದ್ದಳು. ಮಾರನೆಯ ಬೆಳಿಗ್ಗೆ ಮತ್ತೊಂದು ಪೂಜೆ ಮಾಡಿ ಎಬ್ಬಿಸುವ ತನಕ ಅವು ಮಲಗಿರುತ್ತವೆ. ಯಾರೂ ಎತ್ತುವಂತಿಲ್ಲ.

ಎತ್ತಿದರೆ? ತಾತನ ಎಡಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಯಾವುದೋ ವರ್ಷ ಯಾರದೋ ಅವಸರಕ್ಕೆ ಸೋತು ಹಬ್ಬದ ದಿನವೇ ಒಂದು ಕೊಡತಿ ಎತ್ತಿದ್ದನಂತೆ. ಆ ವರ್ಷವೇ ಹೆಬ್ಬೆರಳು ಜಜ್ಜಿಹೋಯಿತು. ನಿದ್ದೆಯಿಂದ ಎಬ್ಬಿಸಿದ ಆಯುಧ ಎಬ್ಬಿಸಿದ ಕೈಯನ್ನು ಬಿಡುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ಕೈ ಹೋದರೆ ನಮ್ಮ ಮನೆಯೇ ಹೋದಂತೆ. ಈ ವಿಷಯದಲ್ಲಿ ಅವಳ ಮುಂದೆ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಪೂಜೆ ಮುಗಿದು ಅಪ್ಪ ಬಸ್ಸಿನ ಪೂಜೆ ನೋಡಲು ಹೋದ. ಅಜ್ಜಿ, ಅವ್ವ ಒಬ್ಬಟ್ಟಿನ ಕೆಲಸದಲ್ಲಿದ್ದರು. ಬೇಯುವ ಬೇಳೆ, ಬೆಲ್ಲ, ಏಲಕ್ಕಿಯ ವಾಸನೆ ಪಡಸಾಲೆಯ ತನಕ ಬರುತ್ತಿತ್ತು. ನಾನು, ನನ್ನ ತಂಗಿ ರತ್ನಿ ಕಡ್ಲೆಪುರಿ ತಿನ್ನುತ್ತ ಕೂತಿದ್ದೆವು. ಮೂಲೆಯಲ್ಲಿ ತಾಮ್ರದ ಕೊಳದಪ್ಪಲೆ ಒಂದಿತ್ತು. ಹೊಟ್ಟೆ ದಪ್ಪ, ಬಾಯಿ ಸ್ವಲ್ಪ ಕಿರಿದು. ಪಕ್ಕದ ಬೀದಿಯ ಮದುವೆ ಮನೆಯವರದು. ಗಾಡಿಯಿಂದ ಉರುಳಿ ಅದರ ಬಾಯಿಯ ಅಂಚು ಒಂದು ಕಡೆ ಒಳಕ್ಕೆ ಮಡಿಸಿಕೊಂಡಿತ್ತು. ಅಪ್ಪ ಹಿಂದಿನ ದಿನ ಅದನ್ನು ಕಾಯಿಸಿ, ಹೊಟ್ಟೆಯ ನೆಗ್ಗು ತೆಗೆದು, ಬಾಯಿಯ ಕೆಲಸವನ್ನು ಹಬ್ಬ ಕಳೆಯಲಿ ಎಂದು ಬಿಟ್ಟಿದ್ದ.

ಆಯುಧಗಳೆಲ್ಲ ಮಲಗಿದ್ದವು. ಪಾತ್ರೆ ಆಯುಧವಲ್ಲ. ಅದನ್ನು ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ಇದಕ್ಕೆ ಯಾವ ಕೊಡತಿ ಬೇಕು ಎಂದು ಇವತ್ತು ಕಂಡುಹಿಡಿದುಬಿಟ್ಟರೆ ನಾಳೆ ಅಪ್ಪ ಕೂರುವ ಮೊದಲೇ ಎತ್ತಿಡಬಹುದು. ಕಿವಿ ಇಟ್ಟೆ. ಒಳಗೆ ಗುಂಯ್ ಎಂದಿತು. ಏನು ಹೇಳಿತೋ ತಿಳಿಯಲಿಲ್ಲ. ಒಂದು ಕಿವಿಗೆ ತಿಳಿಯದಿದ್ದರೆ ಎರಡು ಕಿವಿಗೆ ತಿಳಿದೀತು ಎಂದುಕೊಂಡು ಪಾತ್ರೆ ಎತ್ತಿ ತಲೆಯ ಮೇಲೆ ಕವುಚಿಕೊಂಡೆ.

"ರತ್ನಿ, ತಟ್ಟಮ್ಮಿ."

"ಯಾವುದ್ರಲ್ಲಿ ಅಕ್ಕ?"

"ಕೈಯಲ್ಲೇ ತಟ್ಟು. ಇವತ್ತು ಕೊಡತಿ ಮುಟ್ಟಂಗಿಲ್ಲ."

ಅವಳು ತಟ್ಟಿದಳು. ಚೆನ್ನಾಗಿ ಕೇಳಲಿ ಎಂದು ನಾನು ಪಾತ್ರೆಯನ್ನು ಇನ್ನೂ ಕೆಳಕ್ಕೆ ಎಳೆದುಕೊಂಡೆ. ಕಿವಿ ಮಡಿಸಿಕೊಂಡು ತಲೆ ಒಳಗೆ ಜಾರಿತು. ತೆಗೆಯಲು ಹೋದರೆ ಬರಲಿಲ್ಲ. ಒಳಕ್ಕೆ ಮಡಿಸಿದ್ದ ಅಂಚು ನನ್ನ ದವಡೆಯ ಕೆಳಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡಿತ್ತು.

ಅಲ್ಲಿಂದ ಮುಂದೆ ನಾನು ಯಾವುದನ್ನೂ ನೋಡಿದವಳಲ್ಲ. ಬರೀ ಕೇಳಿದವಳು. ಕೇಳಿದ್ದರಲ್ಲೂ ಯಾವುದು ಎಲ್ಲಿಂದ ಬಂತು ಎಂದು ಹೇಳಲಾರೆ. ತಾಮ್ರದ ಒಳಗೆ ಎಡ, ಬಲ, ಹಿಂದೆ, ಮುಂದೆ ಇರುವುದಿಲ್ಲ. ಹುಣಸೆಹಣ್ಣು, ಬೂದಿ, ಹಳೆಯ ಹಸಿರು ಕಿಲುಬಿನ ವಾಸನೆ. ನನ್ನ ಉಸಿರು ನನ್ನ ಮುಖಕ್ಕೇ ಬಿಸಿಯಾಗಿ ತಾಗುತ್ತಿತ್ತು. ನಾನು ಕಿರುಚಿದರೆ ಇನ್ಯಾರೋ ನನ್ನ ಮೇಲೆ ಕಿರುಚಿದ ಹಾಗಾಗಿ ಇನ್ನೂ ಹೆದರಿ ಕಿರುಚಿದೆ.

"ಹಬ್ಬದ್ ದಿನ ಇದೇನ್ ಮಾಡ್ಕಬುಟ್ಟೆ ಕೂಸೇ!" ಇದು ಅಜ್ಜಿ. ಅವ್ವ ಪಾತ್ರೆಯನ್ನು ಹಿಡಿದು ಎಳೆದಳು. ದವಡೆ ಕಿತ್ತುಬಂದ ಹಾಗಾಯಿತು. "ಎಳೀಬ್ಯಾಡ ಬುಡವ್ವ, ಬುಡು!" ಎಂದು ನಾನು ಒದರಿದ್ದು ಅವಳಿಗೆ ಬರೀ ಬೂಂ ಬೂಂ ಎಂದು ಕೇಳಿಸಿತಂತೆ. ಅವಳು ಮತ್ತೆ ಎಳೆದಳು.

ಎದುರಿನ ಚಹಾ ಅಂಗಡಿಯ ಕುಟ್ಟಿಯಣ್ಣ ಓಡಿಬಂದ. ಗಡಿಯಾಚೆ ಕೇರಳದಿಂದ ಬಂದು ನಮ್ಮೂರಲ್ಲಿ ನೆಲೆಸಿದವನು. "ಪೇಡಿಕ್ಕಂಡ ಮೋಳೇ, ಪೇಡಿಕ್ಕಂಡ" ಎಂದ. ಹೆದರಬೇಡ ಮಗಳೇ ಎಂದು ಅವನ ಮಾತಿನಲ್ಲಿ. ಅವನು ಸುರಿದ ಕೊಬ್ಬರಿ ಎಣ್ಣೆ ನನ್ನ ಕತ್ತಿನ ಸುತ್ತ ತಣ್ಣಗೆ ಇಳಿದು ಹೊಸ ಲಂಗ ನೆನೆಯಿತು. ಪಾತ್ರೆ ಸುತ್ತಲೂ ತಿರುಗತೊಡಗಿತು, ಹೊರಗೆ ಬರಲಿಲ್ಲ. ಯಾರೋ ಚಾಮರಾಜನಗರದ ಆಸ್ಪತ್ರೆ ಎಂದರು. ಬಸ್ಸಿಗೆ ಬಾಳೆಕಂದು ಕಟ್ಟಿ ನಿಲ್ಲಿಸಿದ್ದಾರೆ, ಇನ್ನೂ ಬೂದುಗುಂಬಳಕಾಯಿ ಒಡೆದಿಲ್ಲ, ಒಡೆಯದೆ ಡ್ರೈವರು ಹತ್ತುವುದಿಲ್ಲ ಎಂದು ಇನ್ಯಾರೋ. "ಈ ಕೊಳದಪ್ಪಲೆ ಹೊತ್ಕಂಡು ಇವಳು ಬಸ್ಸಲ್ಲಿ ಹೆಂಗ್ ಕೂತಾಳು?" ಎಂದು ಒಬ್ಬರು ಕೇಳಿದರು. ಒಬ್ಬರು ನಕ್ಕರು. ನಕ್ಕವರಿಗೆ ಅಜ್ಜಿಯಿಂದ ಬೈಗುಳ ಬಿತ್ತು.

ಆಮೇಲೆ ಗದ್ದಲ ನಿಂತಿತು. ಅಪ್ಪ ಬಂದಿದ್ದ.

"ಯಾರೂ ಮುಟ್ಬ್ಯಾಡಿ." ಅವನು ನನ್ನನ್ನು ಮಣೆಯ ಮೇಲೆ ಕೂರಿಸಿದ. ಪಾತ್ರೆಗೆ ಅವನ ಕಿವಿ ಒತ್ತಿದ್ದು ತಾಮ್ರದಲ್ಲಿ ಸಣ್ಣಗೆ ಸರಪರ ಎಂದು ಕೇಳಿಸಿತು. "ಗೌರಿ, ಉಸ್ರಾಡಕಾಯ್ತದಾ?"

"ಆಯ್ತದೆ."

"ಎಲ್ ಸಿಕ್ಕೊಂಡದೆ?"

"ಗಲ್ಲದ ಹಿಂದೆ."

ಗೆಣ್ಣಿನಲ್ಲಿ ಒಮ್ಮೆ ತಟ್ಟಿ ಹೇಳಿದ, "ಕಾಯ್ಸುದ್ ತಾಮ್ರ, ಬಗ್ತದೆ. ಎರಡ್ ಕಡೆಯಿಂದ ಮೆಲ್ಲಗೆ ಕೊಟ್ರೆ ಬಾಯಿ ಉದ್ದಕಾಯ್ತದೆ, ಕೊಕ್ಕೆ ಬುಟ್ಕತದೆ. ಅವ್ವ, ಕೊಡತಿ ಬೇಕು."

ಅವನು ಕೇಳಿದ್ದು ಅಜ್ಜಿಯನ್ನು.

"ಅವ್ವ."

"ಅವು ಮಲಗವೆ ಕಣ್ಲಾ ಸಿದ್ದ. ನಿಮ್ಮಪ್ಪನ ಹೆಬ್ಬೆಟ್ಟು ಮರ್ತ್ಬುಟ್ಟಾ?"

"ಮರ್ತಿಲ್ಲ."

"ಇಂಥ ಕೂಸುಗಳನ್ನ ಮಡಿಕಂಡು ನೀನು ಕೈ ಕಳ್ಕಂಡ್ರೆ ಆಮೇಲ್ ಏನ್ಲಾ? ತಡಿ. ಎಚ್ಚರವಾಗಿರದು ಯಾವುದಾರ ಇದ್ದದು."

ಎಚ್ಚರವಾಗಿರುವುದನ್ನು ಹುಡುಕಲು ಅಜ್ಜಿ ಒಳಗೆ ಹೋದಳು. ಅವಳು ಬಹಳ ಭಕ್ತಿಯಿಂದ ಒನಕೆ, ಈಳಿಗೆಮಣೆ, ಲಟ್ಟಣಿಗೆಗಳನ್ನೂ ಪೂಜೆಗೆ ಇಟ್ಟಿದ್ದಳು. ಉಳಿದಿದ್ದು ಮುದ್ದೆ ಕೋಲು. ಕುಟ್ಟಿಯಣ್ಣನ ಕೊಡಲಿಯ ಮರದ ಕಾವು ಕೇಳಿದರೆ, "ನಾನೂ ಪೂಜೆಗೆ ಇಟ್ಟೆ ಅಮ್ಮಾ" ಎಂದ. ಬಡಗಿಯ ಮನೆ, ಕಮ್ಮಾರನ ಮನೆ, ಸೈಕಲ್ ಶಾಪು, ಎಲ್ಲ ಕಡೆಯೂ ಅದೇ. ಊರಿಗೆ ಊರೇ ಆಯುಧಗಳನ್ನು ಮಲಗಿಸಿ ಕೂತಿತ್ತು. ಕೊನೆಗೆ ಕುಟ್ಟಿಯಣ್ಣ ಅಂಗಡಿಯಿಂದ ಸಿಪ್ಪೆ ಸುಲಿಯದ ತೆಂಗಿನಕಾಯಿ ತಂದ.

ಮೊದಲು ಮುದ್ದೆ ಕೋಲು. ಟಣ್ ಎಂದಿತು. ಹಲ್ಲಿನ ಬೇರಿನ ತನಕ ನಡುಗಿತು. "ನೋಯ್ತದಾ?" "ಹೂಂ!" ಆಮೇಲೆ ಅದೇ ಕೋಲಿಗೆ ಬಟ್ಟೆ ಸುತ್ತಿ. ಆಮೇಲೆ ತೆಂಗಿನಕಾಯಿ, ದಪ್ಪನೆಯ ಸದ್ದು, ಪಾತ್ರೆಯ ಜೊತೆ ನನ್ನ ತಲೆಯೂ ತೂಗಾಡಿತು, ಅಂಚು ಕದಲಲಿಲ್ಲ. ಕಿವಿಗಳು ಉರಿಯುತ್ತಿದ್ದವು. ಉಸಿರಿಗೆ ಉಪ್ಪು ಬೆರೆತ ಹಾಗಿತ್ತು, ನನ್ನದೇ ಕಣ್ಣೀರು. "ಮಾದಪ್ಪ, ಮಾದಪ್ಪ" ಎಂದು ಅವ್ವ ನನ್ನ ಕೈ ಹಿಡಿದು ಜಪಿಸುತ್ತಿದ್ದಳು. ನನ್ನ ತಲೆ ಇನ್ನು ಇದರಲ್ಲೇ ಇರುತ್ತದೆ, ಹೀಗೇ ಸ್ಕೂಲಿಗೆ ಹೋಗಬೇಕು ಎಂದು ನಾನು ಖಂಡಿತವಾಗಿ ತಿಳಿದೆ.

"ಅಪ್ಪ, ಉಸುರು ಬತ್ತಾ ಇಲ್ಲ" ಎಂದೆ. ಸುಳ್ಳಲ್ಲ, ಅಳುವಿನಲ್ಲಿ ಹಾಗನಿಸಿತ್ತು.

ಆಗ ಎಲ್ಲ ಸದ್ದೂ ನಿಂತಿತು. ಒಂದು ಗಳಿಗೆ. ಅಜ್ಜಿಯ ದನಿ ಕೇಳಿತು, ಅಪ್ಪನ ಕಿವಿಯ ಹತ್ತಿರ ಎನ್ನುವಷ್ಟು ತಗ್ಗಿದ ದನಿ. ಒಂದು ಮಾತೋ, ಎರಡು ಮಾತೋ. ತಾಮ್ರದ ಒಳಕ್ಕೆ ಅದು ಬರೀ ಗುಸುಗುಸು ಎಂದು ಬಂತು. ಯಾರೋ ನಡೆದರು. ಚೆಂಡುಹೂವಿನ ವಾಸನೆ ಹತ್ತಿರ ಬಂದ ಹಾಗಾಯಿತು. ಆದರೆ ಆ ದಿನ ಮನೆಯಲ್ಲೆಲ್ಲ ಅದೇ ವಾಸನೆ.

"ಅವ್ವ, ಈ ಕಡೆ ಇದನ್ನ ಒತ್ತಿ ಹಿಡ್ಕೊ. ಹೊಡೀಬ್ಯಾಡ, ಅಳ್ಳಾಡಿಸ್ಬ್ಯಾಡ, ಸುಮ್ಕೆ ಒತ್ತಿ ಹಿಡಿ" ಎಂದು ಅಪ್ಪ ಅಜ್ಜಿಗೆ ಹೇಳಿದ. ಎಡಗಿವಿಯ ಕೆಳಗೆ ಭಾರವಾದುದೊಂದು ಬಂದು ಗೋಡೆಯ ಹಾಗೆ ನಿಂತಿತು. ಬಲಗಡೆಯಿಂದ ಒಂದು ಪೆಟ್ಟು. ಟಣ್ ಎನ್ನಲಿಲ್ಲ. ದುಬ್ ಎಂದಿತು.

"ಇದು ನೋಯ್ತದಾ?"

"ಊಹೂಂ."

"ಇದು?"

"ಹೂಂ."

"ಇದು?"

"ಗೊತ್ತಾಯ್ತಾ ಇಲ್ಲ."

ಎಷ್ಟೋ ವರ್ಷ ಅವನು ಕೈ ಚಾಚಿದ ಕೊಡತಿಯೇ ಸರಿಯಾದ ಕೊಡತಿ. ಯೋಚಿಸಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಅವನು ಒಂದೊಂದು ಪೆಟ್ಟಿಗೂ ಕೇಳುತ್ತಿದ್ದ. ಕಾಯಿಸಿದ ತಾಮ್ರ ಅವನಿಗೆ ಗೊತ್ತಿತ್ತು. ಮಗಳ ತಲೆ ಇರುವ ತಾಮ್ರ ಗೊತ್ತಿರಲಿಲ್ಲ. "ನೀನೇ ಹೇಳವ್ವ, ಯಾವುದು ಸರಿಯಾಗದೆ?" ಎಂದು ನನ್ನನ್ನು ಕೇಳಿದ.

ನನಗೆ ದಿಕ್ಕೇ ತೋಚಲಿಲ್ಲ. ಸಣ್ಣದಿರಬೇಕು ಎನಿಸಿದ್ದು ನೋಯಿಸುತ್ತಿತ್ತು. ಭಾರದ್ದು ಎನಿಸಿದ್ದು ತಾಗಿದ್ದೇ ತಿಳಿಯುತ್ತಿರಲಿಲ್ಲ. "ಈಗ ಹೊಡ್ದಲ್ಲ, ಅದು" ಎಂದೆ.

"ಇದಾ?"

"ಅಲ್ಲ, ಅದಕ್ಕೂ ಮುಂಚೇದು."

"ಮುಂಚೇದು ಇದೇ ಅಲ್ವಾ?"

"ಅಲ್ಲಪ್ಪಾ, ದುಬ್ ಅಂತಲ್ಲ, ಅದು!"

"ಎಲ್ಲಾ ದುಬ್ಬೇ ಅಂತವೆ ಕಣಮ್ಮಿ!" ಅವನಿಗೂ ಯಾವುದು ಮೊದಲು, ಯಾವುದು ಆಮೇಲೆ ಎಂದು ತಪ್ಪಿಹೋಗಿತ್ತು. ಮತ್ತೆ ಒಂದೊಂದಾಗಿ ತಟ್ಟಿದ. ಒಂದು ಪೆಟ್ಟಿಗೆ ಗಲ್ಲದ ಹತ್ತಿರ ಗಾಳಿ ಬಂದ ಹಾಗಾಯಿತು. "ಇದೇ, ಇದೇ!" ಎಂದು ಕೂಗಿದೆ. ಅದರಲ್ಲೇ ಅವನು ಮೆಲ್ಲಗೆ, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟುತ್ತ ಹೋದ. ಎಡಗಡೆಯ ಗೋಡೆ ಒಂದಿಷ್ಟೂ ಅಲ್ಲಾಡಲಿಲ್ಲ. ದವಡೆಯ ಕೊಕ್ಕೆ ಸಡಿಲವಾಯಿತು. ಅಪ್ಪ ಪಾತ್ರೆಯನ್ನು ಓರೆ ಮಾಡಿ ಒಮ್ಮೆ ತಿರುಗಿಸಿದ. ಬೆಳಕು ಕಣ್ಣಿಗೆ ಚುಚ್ಚಿತು.

ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವ್ವನ ಸೆರಗು. ಅವಳು ನನ್ನನ್ನು ಅದರಲ್ಲಿ ಸುತ್ತಿ ಒಳಗೆ ಎತ್ತಿಕೊಂಡು ಹೋದಳು. ಅಪ್ಪನ ಕೈಯಲ್ಲಿ ಏನಿತ್ತು, ಅಜ್ಜಿ ಏನು ಹಿಡಿದು ನಿಂತಿದ್ದಳು, ನೋಡಲು ಆಗಲಿಲ್ಲ. ಕಿವಿಗೆ ಅರಿಸಿನ ಹಚ್ಚಿಸಿಕೊಂಡು ಮತ್ತೆ ಪಡಸಾಲೆಗೆ ಬರುವ ಹೊತ್ತಿಗೆ ಹಲಗೆಯ ಮೇಲೆ ಎಲ್ಲ ಕೊಡತಿಗಳೂ ಕ್ರಮವಾಗಿ ಮಲಗಿದ್ದವು. ಅಜ್ಜಿ ಅವುಗಳ ಮುಂದೆ ಹೊಸದಾಗಿ ಕಾಯಿ ಒಡೆಯುತ್ತಿದ್ದಳು. ಎಲ್ಲದರ ಮೇಲೂ ಹೊಸ ಕುಂಕುಮ.

"ಅಜ್ಜಿ, ಯಾವುದ್ರಲ್ಲಿ ಬುಡಿಸುದ್ರಿ?"

"ಮುದ್ದೆ ಕೋಲಲ್ಲೇ ಕಣವ್ವ."

ಮುದ್ದೆ ಕೋಲು ಟಣ್ ಎನ್ನುತ್ತಿತ್ತು. ಅದನ್ನು ನಾನು ಬಲ್ಲೆ. ಅವ್ವನನ್ನು ಕೇಳಿದರೆ, "ನಾನು ಕಣ್ ಮುಚ್ಕಂಡಿದ್ದೆ, ಬುಡಿಸ್ದವ್ನು ಮಾದಪ್ಪ" ಎಂದಳು. ಕುಟ್ಟಿಯಣ್ಣ ಅದು ತನ್ನ ಎಣ್ಣೆಯ ಗುಣ ಎಂದು ತನ್ನ ಗಿರಾಕಿಗಳಿಗೆಲ್ಲ ಹೇಳಿದ. ರತ್ನಿ ಒಮ್ಮೆ ದೊಡ್ಡ ಹುಣಸೆಯದು ಎಂದಳು, ಒಮ್ಮೆ ಚರ್ಮದ್ದು ಎಂದಳು. ಈಗಲೂ ಫೋನಿನಲ್ಲಿ ಕೇಳಿದರೆ ಹೊಸದೊಂದು ಹೇಳುತ್ತಾಳೆ. ಅಪ್ಪನನ್ನು ಕೇಳಿದೆ. ಅಪ್ಪ, "ನಿಮ್ಮಜ್ಜೀನ ಕೇಳು" ಎಂದ.

ಅಂದಿನಿಂದ ವರ್ಷವೆಲ್ಲ ಅಜ್ಜಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಊಟಕ್ಕೆ ಕೂತರೆ ಬೆರಳು, ಮಣೆಯಿಂದ ಎದ್ದರೆ ಮುಂಗೈ. ಕಲಾಯಿ ಹಾಕುವಾಗ ನವಸಾಗರದ ಹೊಗೆಯಲ್ಲಿ ಅಪ್ಪ ಕೆಮ್ಮಿದರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಏನೂ ಆಗಲಿಲ್ಲ. ಮುಂದಿನ ಆಯುಧಪೂಜೆ ಬಂದಾಗ ಅವನ ಕೈಯಲ್ಲಿ ಒಂದು ಗೀರು ಕೂಡ ಇರಲಿಲ್ಲ. "ನೋಡ್ದಾ? ಎತ್ತಿರ್ನಿಲ್ಲ ಅಂದ್ನಲ್ಲ. ಎತ್ತಿದ್ರೆ ಬುಡ್ತಿದ್ವಾ?" ಎಂದು ನನಗೆ ಹೇಳಿದಳು. ಅಪ್ಪ ಬಗ್ಗಿಕೊಂಡು ಚೆಂಡುಹೂವು ಜೋಡಿಸುತ್ತಿದ್ದ.

ಕೆಲವು ವರ್ಷಕ್ಕೆ ಸ್ಟೀಲ್ ಬಂತು. ಅದು ನೆಗ್ಗುವುದು ಕಡಿಮೆ, ನೆಗ್ಗಿದರೆ ಯಾರೂ ತರುತ್ತಿರಲಿಲ್ಲ. ಅಪ್ಪ ಹೋದಮೇಲೆ ಹುಣಸೆಯ ಕೊಡತಿಗಳು ನೀರೊಲೆಗೆ ಹೋದವು. ಒಳ್ಳೆಯ ಕೆಂಡ ಬಿತ್ತಂತೆ. ಕೊಂಬಿನದು ಏನಾಯಿತೋ. ಪಡಸಾಲೆ ಈಗ ಮೊಬೈಲ್ ಅಂಗಡಿ.

ರತ್ನಿಯ ಮಗ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿದ್ದಾನೆ. ಕಳೆದ ತಿಂಗಳು ಚಾಮರಾಜನಗರದ ನನ್ನ ಮನೆಗೆ ಬಂದಾಗ ಅವರ ವರ್ಕ್‌ಶಾಪಿನ ಗೋಡೆಯ ಫೋಟೋ ತೋರಿಸಿದ. ಬೋರ್ಡಿನ ಮೇಲೆ ಒಂದೊಂದು ಕೊಡತಿಯ ಆಕಾರಕ್ಕೂ ಬಣ್ಣದ ಗೆರೆ, ಕೆಳಗೆ ಯಾವ ಕೆಲಸಕ್ಕೆ ಯಾವುದು ಎಂದು ಬರೆದ ಚೀಟಿ. ನನಗೆ ಬಹಳ ಹಿಡಿಸಿತು. ಚಿಕ್ಕಂದಿನಲ್ಲಿ ನಾನು ಅತ್ತು ಕೇಳಿದ ಮಗ್ಗಿ ಕೊನೆಗೂ ಯಾರೋ ಬರೆದಿದ್ದರು.

"ಒಂದೊಂದ್ ಸಲ ಡೌಟು ಬಂದ್ರೆ ಯಾರನ್ನ ಕೇಳ್ತೀಯಪ್ಪ?" ಎಂದೆ.

"ಡೌಟು ಯಾಕ್ ಬತ್ತದೆ ದೊಡ್ಡವ್ವ? ಬರ್ದಾಕವ್ರಲ್ಲ" ಎಂದ.

ಸರಿಯಾದ ಮಾತು. ಆದರೂ ಅವನು ಹೋದಮೇಲೆ ಬಹಳ ಹೊತ್ತು ಕೂತಿದ್ದೆ. ಅಪ್ಪನ ಕೈಗೆ ಎಂದೂ ಬರದ ಡೌಟು ಆ ಒಂದು ದಿನ ಬಂದಿತ್ತು, ನನಗೋಸ್ಕರ. ಅಜ್ಜಿ ತನ್ನ ಜೀವಮಾನದ ಕ್ರಮವನ್ನು ಆ ಒಂದು ಗಳಿಗೆ ಮುರಿದಳೋ, ಮುರಿಯಲಿಲ್ಲವೋ. ಮುರಿದಿದ್ದರೆ ಮಗನ ಕಿವಿಯಲ್ಲಿ ಏನೆಂದಳು? ನೀನು ಎತ್ತು ಎಂದಳೋ, ನಾನೇ ಎತ್ತಿಕೊಡುತ್ತೇನೆ, ಹೊಡೆದರೆ ಅದು ನನ್ನ ಕೈಗೆ ಹೊಡೆಯಲಿ ಎಂದಳೋ. ನನ್ನ ಕಿವಿಗೆ ಅಂಗೈಯಗಲ ದೂರದಲ್ಲಿ ಆಡಿದ ಮಾತು ಅದು. ನಡುವೆ ತಾಮ್ರ ಇತ್ತು. ಒಂದೊಂದು ಪೆಟ್ಟಿಗೂ ನೋಯ್ತದಾ ಎಂದು ಕೇಳಿದವನು ಹೋದ, ಅತ್ತ ಕಡೆ ಅಲುಗಾಡದೆ ಒತ್ತಿ ಹಿಡಿದವಳೂ ಹೋದಳು. ಆ ಮಾತು ಏನೆಂದು ಕೇಳೋಣವೆಂದರೆ ಈಗ ಯಾರೂ ಇಲ್ಲ.